ಜೀಪಿಗೆ ಬಾಗಿಲು ಬಂದ ಕಥೆ

ಹೋದ ಭಾನುವಾರ ಪಕ್ಕದ ಊರಿನ ಹುಡುಗ ಒಬ್ಬ ಹೊಸ ಥಾರ್ ತಗೊಂಡು ನಮ್ಮ ಕಣಕ್ಕೆ ಬಂದಿದ್ದ. ಮೆಣಸು ಒಣಗಿಸೋಕೆ ಹಾಕಿದ್ದೆ, ಅದರ ಪಕ್ಕ ನನ್ನ ಹಳೇ ಹೈ ಬಾನೆಟ್ ನಿಂತಿತ್ತು. ಹುಡುಗ ಸುತ್ತ ಒಂದು ಸುತ್ತು ಬಂದು, ಬಾಗಿಲು ಮುಟ್ಟಿ ನೋಡಿ, "ಮಾವ, ಈ ಟ್ಯೂಬ್ ಡೋರ್ ಆನ್‌ಲೈನಲ್ಲಿ ತರಿಸಿದ್ರಾ? ಎಷ್ಟಾಯ್ತು?" ಅಂದ. ನನಗೆ ನಗು ಬಂತು. ಆಮೇಲೆ ಸುಮ್ಮನಾದೆ. ಯಾಕಂದ್ರೆ ಆ ಬಾಗಿಲು ಯಾಕೆ ಬಂತು ಅನ್ನೋದು ನಗೋ ವಿಷಯ ಅಲ್ಲ. ಅವನಿಗೆ ಅವತ್ತು ಅರ್ಧ ಹೇಳಿ ಕಳಿಸಿದೆ. ಇವತ್ತು ಮಳೆ ಬಿಡುವ ಲಕ್ಷಣ ಇಲ್ಲ, ಕರೆಂಟೂ ಇಲ್ಲ, ಮೊಬೈಲಲ್ಲಿ ಚಾರ್ಜ್ ಇದೆ. ಪೂರ್ತಿ ಬರೆದುಬಿಡ್ತೀನಿ.

ನನ್ನ ಕಥೆಗಿಂತ ಮೊದಲು ಜೀಪಿನ ಕಥೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಆದ್ರೆ ಜೀಪಿನ ವಿಷಯ ಎಲ್ಲಿ ಸಿಕ್ಕಿದ್ರೂ ಬಿಡದೆ ಓದಿದ್ದೀನಿ. ಮನೆಯವರಿಗೆ ಬೇಜಾರಾಗುವಷ್ಟು.

ನಮ್ಮ ಕಡೆ ಎಲ್ಲರೂ ಕೇಳೋ ಪ್ರಶ್ನೆ ಒಂದಿದೆ: ಇಷ್ಟು ಗಟ್ಟಿ ಗಾಡಿ ಮಾಡಿದವರು ಎರಡು ಬಾಗಿಲು ಇಡೋಕೆ ಯಾಕೆ ಮರೆತ್ರು? ಮರೆತಿದ್ದಲ್ಲ ಮಾರಾಯ್ರೆ. ಬೇಡ ಅಂತಲೇ ಇಡಲಿಲ್ಲ.

1940ರಲ್ಲಿ ಯುರೋಪಿನಲ್ಲಿ ಯುದ್ಧ ಜೋರಾಗಿತ್ತು. ಅಮೆರಿಕ ಇನ್ನೂ ಇಳಿದಿರಲಿಲ್ಲ, ಆದ್ರೆ ಇಳೀಬೇಕಾಗುತ್ತೆ ಅಂತ ಅವರ ಸೈನ್ಯಕ್ಕೆ ಗೊತ್ತಿತ್ತು. ಕುದುರೆ ಮತ್ತು ಸೈಡ್‌ಕಾರ್ ಬೈಕಿನ ಬದಲು ಒಂದು ಸಣ್ಣ ನಾಲ್ಕು ಚಕ್ರದ ಗಾಡಿ, ನಾಲ್ಕಕ್ಕೂ ಎಳೆತ ಇರೋದು, ಬೇಕು ಅಂತ ಆ ಜುಲೈಯಲ್ಲಿ 135 ಕಂಪನಿಗಳಿಗೆ ಪತ್ರ ಬರೆದ್ರು. ಸರಿಯಾಗಿ ಉತ್ತರ ಕೊಟ್ಟಿದ್ದು ಎರಡೇ ಕಂಪನಿ: ಅಮೆರಿಕನ್ ಬ್ಯಾಂಟಮ್ ಮತ್ತು ವಿಲ್ಲೀಸ್. ಬ್ಯಾಂಟಮ್ ಅನ್ನೋದು ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನೋ ಊರಲ್ಲಿದ್ದ, ಮುಚ್ಚೋ ಸ್ಥಿತಿಗೆ ಬಂದಿದ್ದ ಸಣ್ಣ ಕಾರ್ಖಾನೆ. ಅವರು ಕಾರ್ಲ್ ಪ್ರಾಬ್‌ಸ್ಟ್ ಅನ್ನೋ ಎಂಜಿನಿಯರ್‌ನ ಕರೆಸಿದ್ರು. ಆತ ಎರಡೇ ದಿನದಲ್ಲಿ ನಕ್ಷೆ ಬರೆದ. ಮಾದರಿ ಗಾಡಿ ಮಾಡಿ ತಂದು ನಿಲ್ಲಿಸೋಕೆ ಸೈನ್ಯ ಕೊಟ್ಟಿದ್ದು 49 ದಿನ. 1940ರ ಸೆಪ್ಟೆಂಬರ್ 23ಕ್ಕೆ, ಗಡುವು ಮುಗಿಯೋಕೆ ಅರ್ಧ ಗಂಟೆ ಇದ್ದಾಗ ಗಾಡಿ ಓಡಿಸಿಕೊಂಡು ಹೋಗಿ ನಿಲ್ಲಿಸಿದ್ರು. ನಮ್ಮಲ್ಲಿ ಒಂದು ಪಹಣಿ ತಿದ್ದುಪಡಿಗೆ 49 ದಿನ ಸಾಲಲ್ಲ, ಇರಲಿ.

ಇಲ್ಲಿ ಗಮನಿಸಬೇಕಾದ್ದು ತೂಕ. ಸೈನ್ಯ ಮೊದಲು ಕೇಳಿದ್ದು 1300 ಪೌಂಡಿನ ಗಾಡಿ, ಅಂದ್ರೆ ಸುಮಾರು 590 ಕೆಜಿ. ಅದು ಆಗದ ಮಾತು ಅಂತ ಎಲ್ಲರಿಗೂ ಗೊತ್ತಾಗಿ ಆಮೇಲೆ ಮಿತಿ ಏರಿಸಿದ್ರು. ಕೊನೆಗೆ ಯುದ್ಧಕ್ಕೆ ಹೋದ ವಿಲ್ಲೀಸ್ ಜೀಪು 1000 ಕೆಜಿ ದಾಟಿತ್ತು. ಆದ್ರೆ ಶುರುವಿನಲ್ಲಿ ಪ್ರತಿ ಪೌಂಡಿಗೂ ಒದ್ದಾಟ. ಕೆಸರಲ್ಲಿ ಹೂತರೆ ನಾಲ್ಕು ಜನ ಸಿಪಾಯಿಗಳು ಹಿಡಿದು ಎತ್ತಬೇಕು. ಶತ್ರುವಿಗೆ ಕಾಣದ ಹಾಗೆ ಗಿಡ್ಡ ಇರಬೇಕು, ಮುಂದಿನ ಗಾಜೂ ಮಡಚಬೇಕು. ಗುಂಡು ಬಂದ್ರೆ ಎರಡು ಸೆಕೆಂಡಲ್ಲಿ ಹಾರಿ ಚರಂಡಿಗೆ ಬೀಳಬೇಕು. ಇಂಥ ಗಾಡಿಗೆ ಬಾಗಿಲು ಅಡ್ಡ. ಹಾಗಾಗಿ ಪಕ್ಕದ ತಗಡನ್ನ ಕೆಳಗೆ ಕಡಿದು ಕಾಲು ಹಾಕೋ ಜಾಗ ಬಿಟ್ರು, ಅಷ್ಟೇ.

ಹಾಗಂತ ಬೀಳೋರ ಯೋಚನೆ ಮಾಡಿರಲಿಲ್ಲ ಅಂತ ಅಲ್ಲ. ಆ ಕಾಲದ ಜೀಪಿನ ಫೋಟೋ ಸಿಕ್ಕಿದ್ರೆ ಪಕ್ಕದ ಜಾಗ ದೊಡ್ಡದು ಮಾಡಿ ನೋಡಿ. ಎರಡೂ ಕಡೆ ಕಾಲು ಹಾಕೋ ಜಾಗಕ್ಕೆ ಅಡ್ಡವಾಗಿ ಒಂದು ಕ್ಯಾನ್ವಾಸ್ ಪಟ್ಟಿ, ಕೊಕ್ಕೆಗೆ ಸಿಕ್ಕಿಸೋದು. ಸೇಫ್ಟಿ ಸ್ಟ್ರಾಪ್. ಅದೇ ಜೀಪಿನ ಮೊದಲನೇ ಬಾಗಿಲು ಅಂತ ನಾನು ಹೇಳ್ತೀನಿ. ಎರಡು ಬೆರಳಿನ ಅಗಲದ ಬಟ್ಟೆ. ತೂಕ ಇಲ್ಲ, ಒಂದು ಕೈಯಲ್ಲಿ ಬಿಚ್ಚಬಹುದು, ಆದ್ರೆ ತಿರುವಿನಲ್ಲಿ ಮನುಷ್ಯನ ಸೊಂಟಕ್ಕೆ ಅಡ್ಡ ನಿಲ್ಲುತ್ತೆ. ಈ ಪಟ್ಟಿ ಮರೀಬೇಡಿ, ಮುಂದೆ ಬರುತ್ತೆ.

ಬ್ಯಾಂಟಮ್ ಪಾಪ, ಮೊದಲು ಮಾಡಿದ್ದು ಅವರು, ಆದ್ರೆ ದೊಡ್ಡ ಆರ್ಡರ್ ಹೋಗಿದ್ದು ವಿಲ್ಲೀಸ್‌ಗೆ, ಆಮೇಲೆ ಅದೇ ನಕ್ಷೆಯಲ್ಲಿ ಫೋರ್ಡ್‌ಗೆ. ಇಬ್ಬರೂ ಸೇರಿ ಯುದ್ಧ ಮುಗಿಯೋ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ರು. ಕಂಡುಹಿಡಿದವನಿಗೆ ಒಂದು, ದುಡ್ಡು ಮಾಡಿದವನಿಗೆ ಇನ್ನೊಂದು. ನಮ್ಮ ಊರಲ್ಲೂ ಅಷ್ಟೇ.

1945ರಲ್ಲಿ ಯುದ್ಧ ಮುಗೀತು. ವಿಲ್ಲೀಸ್‌ನವರಿಗೆ ಇನ್ನು ಯಾರಿಗೆ ಮಾರೋದು ಅನ್ನೋ ಚಿಂತೆ. ಅವರು ನೋಡಿದ್ದು ರೈತರ ಕಡೆ. ಅದೇ ವರ್ಷ ಸಿಜೆ-2ಎ ಅಂತ ಬಂತು. ಸಿಜೆ ಅಂದ್ರೆ ಸಿವಿಲಿಯನ್ ಜೀಪ್. ಹಿಂದೆ ಇಳಿಸೋ ತಗಡು ಬಾಗಿಲು, ಎಳೆಯೋ ಕೊಂಡಿ, ಬೇಕಾದವರಿಗೆ ಪಿಟಿಒ, ಬೆಲ್ಟ್ ಪುಲ್ಲಿ. ಉಳುಮೆ ಮಾಡಿ, ಗರಗಸ ಓಡಿಸಿ, ಸಂಜೆ ಅದರಲ್ಲೇ ಪೇಟೆಗೆ ಹೋಗಿ ಅಂತ ಜಾಹೀರಾತು ಹಾಕಿದ್ರು. 2 ಲಕ್ಷಕ್ಕೂ ಹೆಚ್ಚು ಮಾರಿದ್ರು. ಆದ್ರೆ ನೋಡಿ, ರೈತನಿಗೆ ಅಂತ ಇಷ್ಟೆಲ್ಲ ಸೇರಿಸಿದವರು ಪಕ್ಕಕ್ಕೆ ತಗಡಿನ ಬಾಗಿಲು ಮಾತ್ರ ಕೊಡಲಿಲ್ಲ. ಬೇಕಾದವರಿಗೆ ಕ್ಯಾನ್ವಾಸ್ ಹುಡ್ಡು, ಕ್ಯಾನ್ವಾಸ್ ಬಾಗಿಲು, ಅದಕ್ಕೂ ಬೇರೆ ದುಡ್ಡು.

ನಮ್ಮ ದೇಶಕ್ಕೆ ಜೀಪು ಬಂದಿದ್ದು ಎರಡು ದಾರಿಯಲ್ಲಿ. ಒಂದು, ಯುದ್ಧದ ದಾರಿ. ಬರ್ಮಾ ಕಡೆ ಯುದ್ಧಕ್ಕೆ ಅಂತ ಅಮೆರಿಕದವರು ಭಾರತಕ್ಕೆ ರಾಶಿ ರಾಶಿ ಗಾಡಿ ತಂದಿದ್ರು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನೇ 1943ರಿಂದ ಯುದ್ಧ ಮುಗಿಯೋವರೆಗೆ ವಿಮಾನ ರಿಪೇರಿಗೆ ಅಮೆರಿಕದ ವಾಯುಪಡೆ ನಡೆಸಿತ್ತು. ಯುದ್ಧ ಮುಗಿದ ಮೇಲೆ ಹೀಗೆ ಉಳಿದ ಗಾಡಿಗಳನ್ನ ಮಾರಿದ್ರು. ನಮ್ಮ ಹಿರಿಯರ ಬಾಯಲ್ಲಿ "ಡಿಸ್ಪೋಸಲ್ ಜೀಪು" ಅನ್ನೋ ಮಾತು ಬಂದಿದ್ದು ಹಾಗೆ. ಎರಡನೇ ದಾರಿ ಮಹೀಂದ್ರಾ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಶುರುವಾದ ಮಹೀಂದ್ರಾ ಅಂಡ್ ಮೊಹಮ್ಮದ್ ಕಂಪನಿ. ದೇಶ ಭಾಗವಾದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದ್ರು. 1948ರಲ್ಲಿ ಕಂಪನಿ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಆಯ್ತು. 1940ರ ದಶಕದ ಕೊನೆಗೆ ವಿಲ್ಲೀಸ್‌ನಿಂದ ಬಿಡಿ ಭಾಗ ತರಿಸಿ ಮುಂಬೈಯಲ್ಲಿ ಜೀಪು ಜೋಡಿಸೋಕೆ ಶುರು ಮಾಡಿದ್ರು.

ನಾವು ಲೋ ಬಾನೆಟ್, ಹೈ ಬಾನೆಟ್ ಅಂತೀವಲ್ಲ, ಅದರ ಗುಟ್ಟು ಗೊತ್ತಾ? ಮೊದಲಿನ ವಿಲ್ಲೀಸ್ ಎಂಜಿನಲ್ಲಿ ಎಲ್ಲ ವಾಲ್ವ್‌ಗಳೂ ಬ್ಲಾಕಿನಲ್ಲೇ ಇದ್ದವು, ಹೆಡ್ಡು ತೆಳ್ಳಗೆ. ಆಮೇಲೆ ಹೆಚ್ಚು ಶಕ್ತಿಗೆ ಅಂತ ಗಾಳಿ ಎಳೆಯೋ ವಾಲ್ವನ್ನ ಹೆಡ್ಡಿಗೆ ತಂದ್ರು. ಎಂಜಿನ್ ಎತ್ತರ ಆಯ್ತು, ಹಳೇ ಬಾನೆಟ್ ಕೂರಲಿಲ್ಲ. ಬಾಡಿ ಪೂರ್ತಿ ಬದಲಿಸೋ ಬದಲು ಬಾನೆಟ್ಟನ್ನೇ ಎತ್ತರ ಮಾಡಿದ್ರು. ಅದೇ ಸಿಜೆ-3ಬಿ. ಅಮೆರಿಕದಲ್ಲಿ 1953ರಿಂದ 1968ರವರೆಗೆ ಮಾಡಿ ನಿಲ್ಲಿಸಿದ್ರು, ಇಲ್ಲಿ ಮಹೀಂದ್ರಾದವರು ಅದಾದ ಮೇಲೂ ಬಹಳ ವರ್ಷ ಮಾಡಿದ್ರು. ನಂತರ ಡೀಸೆಲ್ ಬಂತು. ಸಿಜೆ 500ಡಿಗೆ ಹಾಕಿದ್ದು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರ್ ಎಂಜಿನ್. ಶಬ್ದ ಕೇಳಿದ್ರೇ ಗೊತ್ತಾಗ್ತಿತ್ತು. 1980ರ ದಶಕದಲ್ಲಿ ಪ್ಯೂಜೋ ಡೀಸೆಲ್ ಎಂಜಿನಿನ ಎಂಎಂ 540.

ಇಷ್ಟೆಲ್ಲ ಬದಲಾದ್ರೂ ಪಕ್ಕದ ಆ ತೂತು ಹಾಗೇ ಇತ್ತು. ಕ್ಯಾನ್ವಾಸ್ ಹುಡ್ಡು, ಮಳೆಗೆ ಪಕ್ಕಕ್ಕೆ ಕಟ್ಟೋ ಪರದೆ. 2010ರಲ್ಲಿ ಬಂದ ಮೊದಲನೇ ಥಾರ್ ಕೂಡ ಕ್ಯಾನ್ವಾಸಿನಲ್ಲೇ ಬಂತು. ಸರಿಯಾದ ತಗಡಿನ ಬಾಗಿಲು ಬಂದಿದ್ದು 2020ರ ಥಾರ್‌ಗೆ. ಲೆಕ್ಕ ಹಾಕಿ, 1940ರಿಂದ 80 ವರ್ಷ.

ನಮ್ಮ ಮಲೆನಾಡಿನಲ್ಲಿ ಜೀಪು ಮೊದಲು ಸಾಹುಕಾರರ ಗಾಡಿ. ದೊಡ್ಡ ಎಸ್ಟೇಟಿನವರ ಹತ್ರ ಮಾತ್ರ. ನಾನು ಚಿಕ್ಕವನಿದ್ದಾಗ ಜೀಪಿನ ಶಬ್ದ ಕೇಳಿದ್ರೆ ಮಕ್ಕಳೆಲ್ಲ ರಸ್ತೆಗೆ ಓಡ್ತಿದ್ವಿ. ಆಮೇಲೆ ಹಳೇ ಜೀಪುಗಳು ಕೈ ಬದಲಾಗಿ ಬಾಡಿಗೆಗೆ ಬಂದವು. ಕಳಸ, ಸಂಸೆ, ಕೊಟ್ಟಿಗೆಹಾರ ಕಡೆ ಬಸ್ಸು ಹೋಗದ ದಾರಿಗೆಲ್ಲ ಜೀಪೇ ಗತಿ. ಒಳಗೆ ಎಷ್ಟು ಜನ ಅಂತ ಎಣಿಸೋ ಪದ್ಧತಿ ಇರಲಿಲ್ಲ. ಬಾಗಿಲು ಇದ್ದಿದ್ರೆ ಅಷ್ಟು ಜನ ಹಿಡಿಸ್ತಾನೂ ಇರಲಿಲ್ಲ ಅನ್ನಿ. ಡ್ರೈವರೇ ಅರ್ಧ ಹೊರಗೆ, ಬಲಗಾಲು ಒಳಗೆ, ಬಲ ತೊಡೆ ಗಾಳಿಯಲ್ಲಿ. ನಮ್ಮಂಥ ಮೂರು ನಾಲ್ಕು ಎಕರೆಯವರ ಕೈಗೆ ಜೀಪು ಬಂದಿದ್ದು ಕೊನೆಗೆ, ಪಿಕಪ್ ಬಂದು ಹಳೇ ಜೀಪಿನ ಬೆಲೆ ಬಿದ್ದ ಮೇಲೆ.

ಅಮೆರಿಕದ ಪಟ್ಟಿ ನಮ್ಮಲ್ಲಿ ಸರಪಳಿ ಆಗಿತ್ತು. ನಾಯಿಗೆ ಹಾಕೋ ಸರಪಳಿಗಿಂತ ಸ್ವಲ್ಪ ದಪ್ಪದ್ದು, ಒಂದು ಕಡೆ ಬೆಸುಗೆ, ಇನ್ನೊಂದು ಕಡೆ ಎಸ್ ಕೊಕ್ಕೆ. ಕೆಲವರು ಅದಕ್ಕೆ ಹಳೇ ನೀರಿನ ಪೈಪು ತೂರಿಸ್ತಿದ್ರು, ಕೈಗೆ ತಣ್ಣಗಾಗಬಾರದು ಅಂತ. ಕೆಲವರು ಹಗ್ಗ. ಬಹಳ ಜನ ಏನೂ ಇಲ್ಲ.

2003ರಲ್ಲಿ ನಾನು ಈ ಸಿಜೆ-3ಬಿ ತಗೊಂಡೆ. ಅಷ್ಟೊತ್ತಿಗೆ ಯಾರೋ ಡೀಸೆಲ್ ಎಂಜಿನ್ ಕೂರಿಸಿದ್ರು. ಸರಪಳಿ ಎರಡೂ ಕಡೆ ಇತ್ತು.

2009ರ ಡಿಸೆಂಬರ್. ಅರೇಬಿಕ ಕೊಯ್ಲಿನ ಸಮಯ. ಹಿಂದಿನ ದಿನ ಕರು ಹಗ್ಗ ಕಡಿದುಕೊಂಡಿತ್ತು. ಹಗ್ಗ ಸಿಗಲಿಲ್ಲ, ಜೀಪಿನ ಎಡಗಡೆ ಸರಪಳಿ ಬಿಚ್ಚಿ ಕರು ಕಟ್ಟಿದೆ. ನಾಳೆ ಹಗ್ಗ ತಂದು ಸರಪಳಿ ವಾಪಸ್ ಹಾಕಿದ್ರಾಯ್ತು ಅಂತ. ಮರುದಿನ ಸಂಜೆ ಕೊಯ್ದ ಹಣ್ಣು ಚೀಲ ತುಂಬಿ ಹಿಂದೆ ಹೇರಿ, ಮುಂದೆ ನನ್ನ ಪಕ್ಕ ಇಬ್ಬರು ಹೆಂಗಸರು ಕೂತ್ರು. ಹೊರಗಡೆ ಅಂಚಿಗೆ ಕೂತಿದ್ದು ನಮ್ಮ ತೋಟಕ್ಕೆ ಹತ್ತು ವರ್ಷದಿಂದ ಬರ್ತಿದ್ದ ಅಕ್ಕ. ನನಗಿಂತ ದೊಡ್ಡವರು. ತೊಡೆ ಮೇಲೆ ಅವರು ಕೊಯ್ದ ಕೊನೇ ಸಣ್ಣ ಚೀಲ ಇಟ್ಟುಕೊಂಡಿದ್ರು, ಹಾಗಾಗಿ ಕೈ ಎರಡೂ ಚೀಲದ ಮೇಲೆ. ತೋಟದಿಂದ ರಸ್ತೆಗೆ ಹತ್ತೋ ಕಡೆ ಬಲಕ್ಕೆ ಒಂದು ತಿರುವಿದೆ, ನೋಡಿದವರಿಗೆ ಗೊತ್ತು. ನಾನೇನು ಜೋರಾಗಿ ಓಡಿಸಲಿಲ್ಲ. ಫಸ್ಟ್ ಗೇರ್. ಎಡಗಡೆ ಹಿಂದಿನ ಚಕ್ರ ಬೇರಿನ ಮೇಲೆ ಹತ್ತಿ ಇಳೀತು, ಅಷ್ಟೇ. ತಿರುಗಿ ನೋಡಿದ್ರೆ ಅಕ್ಕ ಇಲ್ಲ.

ಚಕ್ರಕ್ಕೆ ಸಿಗಲಿಲ್ಲ, ಅದೊಂದು ಪುಣ್ಯ. ಕಲ್ಲಿನ ಮೇಲೆ ಬಿದ್ದಿದ್ರು. ಓಡಿ ಹೋಗಿ ಎತ್ತಿದಾಗ ಮೊದಲು ಕೇಳಿದ ಮಾತು, "ಗೌಡ್ರೆ, ನನ್ನ ಚೀಲ ಎಲ್ಲಿ?" ಕೆಜಿ ಲೆಕ್ಕದ ಕೂಲಿ ನೋಡಿ. ಎಡ ಹೆಗಲಿನ ಮೂಳೆ ಮುರಿದಿತ್ತು, ಮಣಿಕಟ್ಟೂ ಮುರಿದಿತ್ತು. ಆಸ್ಪತ್ರೆ ಖರ್ಚು ಕೊಟ್ಟೆ, ಆ ಸೀಸನ್ನಿನ ಕೂಲಿ ಕೊಟ್ಟೆ. ಕೊಟ್ಟೆ ಅಂತ ಹೇಳಿಕೊಳ್ಳೋಕೆ ಬರೀತಿಲ್ಲ. ಮೂಳೆ ಕೂಡಿದ ಮೇಲೂ ಆ ಕೈ ತಲೆಗಿಂತ ಮೇಲೆ ಏರಲಿಲ್ಲ. ಮೇಲಿನ ರೆಕ್ಕೆ ಬಗ್ಗಿಸಿ ಹಣ್ಣು ಕೊಯ್ಯೋಕೆ ಎರಡು ಕೈ ಬೇಕು. ಆಮೇಲೆ ಅವರು ಕೊಯ್ಲಿಗೆ ಬರಲಿಲ್ಲ, ಆಯೋದು, ಒಣಗಿಸೋದು ಮಾತ್ರ. ಅದಕ್ಕೆ ಕೂಲಿ ಕಡಿಮೆ.

ಮನೆಗೆ ಬಂದ ರಾತ್ರಿ ಕೊಟ್ಟಿಗೆಗೆ ಹೋದೆ. ಕರು ಆ ಸರಪಳಿಯಲ್ಲೇ ಮಲಗಿತ್ತು.

ಆ ಜನವರಿಯಲ್ಲೇ ಬಾಗಿಲು ಮಾಡಿಸೋಣ ಅಂತ ಹೊರಟೆ. ತಗಡಿನದ್ದು ಕೇಳಿದೆ. ಬೆಲೆ ಹೆಚ್ಚು, ತೂಕ ಹೆಚ್ಚು, ನಮ್ಮ ಮಳೆಗೆ ಎರಡು ವರ್ಷಕ್ಕೆ ತುಕ್ಕು. ಮೇಲಾಗಿ ತೋಟದೊಳಗೆ ಓಡಿಸುವಾಗ ನಾನು ತಲೆ ಹೊರಗೆ ಹಾಕಿ ಮುಂದಿನ ಚಕ್ರ ಎಲ್ಲಿದೆ ನೋಡ್ತೀನಿ, ತಗಡು ಬಂದ್ರೆ ಅದು ಕಾಣಲ್ಲ. ಪೇಟೆಯ ವೆಲ್ಡಿಂಗ್ ಶೆಡ್ಡಿನ ಹುಡುಗ ಹೇಳಿದ, "ಗೇಟಿಗೆ ಹಾಕೋ ಪೈಪಲ್ಲೇ ಬಗ್ಗಿಸಿ ಕೊಡ್ತೀನಿ ಅಣ್ಣ." ನನಗೆ ಆಗ ಟ್ಯೂಬ್ ಡೋರ್ ಅನ್ನೋ ಹೆಸರೇ ಗೊತ್ತಿರಲಿಲ್ಲ.

ಆಮೇಲೆ ಓದಿ ತಿಳೀತು, ಅಮೆರಿಕದಲ್ಲಿ ಇದೇ ಪೈಪಿನ ಬಾಗಿಲಿಗೆ ಬೇರೆಯೇ ಇತಿಹಾಸ ಇದೆ. ಅಲ್ಲಿ ಯುದ್ಧದ ಜೀಪು ತಗೊಂಡವರು ಬೆಟ್ಟ ಹತ್ತೋದನ್ನೇ ಹವ್ಯಾಸ ಮಾಡಿಕೊಂಡ್ರು. ಕ್ಯಾಲಿಫೋರ್ನಿಯಾದ ರೂಬಿಕಾನ್ ಅನ್ನೋ ಬಂಡೆ ದಾರಿಯಲ್ಲಿ 1953ರಲ್ಲಿ ಮೊದಲನೇ ಜೀಪು ಜಾತ್ರೆ ನಡೀತು. ಯೂಟಾ ರಾಜ್ಯದ ಮೋಆಬ್‌ನಲ್ಲಿ 1967ರಿಂದ ಪ್ರತಿ ವರ್ಷ ಈಸ್ಟರ್ ಹೊತ್ತಿಗೆ ನಡೆಯುತ್ತೆ. ಗಾಡಿ ಮಗುಚಿದ್ರೆ ತಲೆ ಉಳಿಯಲಿ ಅಂತ ಪೈಪು ಬಗ್ಗಿಸಿ ರೋಲ್ ಬಾರ್ ಹಾಕೋದು ರೂಢಿಯಾಯ್ತು. 1976ರಲ್ಲಿ ಸಿಜೆ-7 ಬಂದಾಗ ಕಂಪನಿಯೇ ತಗಡಿನ ಬಾಗಿಲು ಕೊಡೋಕೆ ಶುರು ಮಾಡಿತು, ಆಮೇಲಿನ ರ‍್ಯಾಂಗ್ಲರ್‌ಗಳಿಗೂ ಬಂತು. ಆದ್ರೆ ಬಂಡೆ ಹತ್ತೋರು ಆ ಬಾಗಿಲನ್ನ ಕಿತ್ತು ಮನೆಯಲ್ಲಿ ಇಡೋಕೆ ಶುರು ಮಾಡಿದ್ರು. ಬಂಡೆಗೆ ಉಜ್ಜಿದ್ರೆ ಬಾಗಿಲು ಹಾಳು, ಚಕ್ರವೂ ಕಾಣಲ್ಲ. ಕಿತ್ತ ಮೇಲೆ ಕೈಕಾಲು ಹೊರಗೆ ಬರೋ ಭಯ. ಜೊತೆಗೆ ಇನ್ನೊಂದು ತಲೆನೋವು: ರ‍್ಯಾಂಗ್ಲರ್ ಕನ್ನಡಿ ಇರೋದು ಬಾಗಿಲಿನ ಮೇಲೆ. ಬಾಗಿಲು ಹೋದ್ರೆ ಕನ್ನಡಿಯೂ ಹೋಯ್ತು, ಪೊಲೀಸ್ ಹಿಡೀತಾನೆ. ರೋಲ್ ಕೇಜಿಗೆ ಪೈಪು ಬಗ್ಗಿಸೋ ಮಿಷನ್ ಶೆಡ್ಡಿನಲ್ಲಿ ಇದ್ದವನಿಗೆ ಬಾಗಿಲು ಬಗ್ಗಿಸೋದು ಯಾವ ಲೆಕ್ಕ? ಮನೆಯಲ್ಲೇ ಮಾಡಿದ್ರು. ಈಗ ಅಂಗಡಿಯಲ್ಲೂ ಸಿಗುತ್ತೆ.

ನೋಡಿ, ಅವರು ಬಾಗಿಲು ಕಿತ್ತು ಪೈಪಿಗೆ ಬಂದ್ರು. ನಾವು ಬಾಗಿಲೇ ಇಲ್ಲದೆ, ಸರಪಳಿಯಿಂದ ಪೈಪಿಗೆ ಬಂದ್ವಿ. ವಸ್ತು ಒಂದೇ.

ಈಗ ಮಾಡಿದ ಬಗೆ. ಇದನ್ನ ಕೇಳೋರು ಜಾಸ್ತಿ ಇದ್ದಾರೆ, ಹಾಗಾಗಿ ಬಿಡಿಸಿ ಬರೀತೀನಿ. ತಪ್ಪು ಮಾಡಿದ್ದೂ ಬರೀತೀನಿ.

ಅಳತೆ ಟೇಪಿನಿಂದ ತೆಗೆದು ಉಪಯೋಗ ಇಲ್ಲ. ಹಳೇ ಜೀಪು ಯಾವುದೂ ಎಡ ಬಲ ಒಂದೇ ಇರಲ್ಲ, ಎಲ್ಲೋ ಗುದ್ದಿರುತ್ತೆ, ಯಾರೋ ತಟ್ಟಿರ್ತಾರೆ. ಫ್ರಿಜ್ ಬಂದ ದೊಡ್ಡ ರಟ್ಟು ತಂದು, ಬಾಗಿಲಿನ ಜಾಗಕ್ಕೆ ಒಳಗಿಂದ ಒತ್ತಿ ಹಿಡಿದು, ಹೊರಗಿಂದ ಪೆನ್ಸಿಲ್ ಗೀರಿ ಕತ್ತರಿಸಿದೆ. ಎಡಕ್ಕೆ ಒಂದು, ಬಲಕ್ಕೆ ಒಂದು. ಸುತ್ತಲೂ ಒಂದು ಬೆರಳು ಸಂದು ಬಿಟ್ಟೆ. ಜೀಪಿನ ಬಾಡಿ ಓಡುವಾಗ ತಿರುಚುತ್ತೆ, ಸಂದು ಬಿಡದಿದ್ರೆ ಬಾಗಿಲು ಕಚ್ಚಿಕೊಳ್ಳುತ್ತೆ.

ಪೈಪು ಮುಕ್ಕಾಲಿಂಚು. ಒಂದಿಂಚು ನೋಡೋಕೆ ಚಂದ, ಆದ್ರೆ ತೂಕ ಹೆಚ್ಚಾಗಿ ಹಿಂಜಿನ ಹತ್ರ ಜೀಪಿನ ತಗಡೇ ಬಿರಿಯುತ್ತೆ. ಮುಕ್ಕಾಲಿಂಚಿನಲ್ಲಿ ಒಂದು ಬಾಗಿಲು ಆರರಿಂದ ಏಳು ಕೆಜಿ ಬಂತು. ಎರಡು ಬಾಗಿಲಿಗೆ 20 ಅಡಿಯ ಪೈಪು ಒಂದೂವರೆ ಹಿಡೀತು.

ಬಗ್ಗಿಸೋದು. ಶೆಡ್ಡಿನಲ್ಲಿ ಬೆಂಡಿಂಗ್ ಮಿಷನ್ ಇರಲಿಲ್ಲ. ಹಳೇ ಕ್ರಮ: ಪೈಪಿನ ಒಂದು ತುದಿಗೆ ಮರದ ಬಿರಡೆ ಹೊಡೆದು, ಒಣ ಮರಳು ತುಂಬಿ, ತಟ್ಟಿ ತಟ್ಟಿ ಕೂರಿಸಿ, ಇನ್ನೊಂದು ತುದಿಗೂ ಬಿರಡೆ. ಬಗ್ಗಬೇಕಾದ ಜಾಗ ಕೆಂಪಗೆ ಕಾಯಿಸಿ, ಲಾರಿ ರಿಮ್ಮಿಗೆ ಒತ್ತಿ ನಿಧಾನಕ್ಕೆ ಬಗ್ಗಿಸೋದು. ಮರಳು ಇದ್ರೆ ಪೈಪು ಚಪ್ಪಟೆ ಆಗಲ್ಲ. ಒಂದು ಎಚ್ಚರ, ಮರಳು ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿರಬೇಕು. ತೇವ ಇದ್ರೆ ಆವಿಯಾಗಿ ಬಿರಡೆ ಗುಂಡಿನ ಹಾಗೆ ಹಾರುತ್ತೆ. ನಮ್ಮದು ಒಂದು ಹಾರಿ ಶೀಟಿಗೆ ಬಡೀತು. ಎದುರು ಯಾರೂ ಇರಲಿಲ್ಲ.

ಎರಡನೇ ತಪ್ಪು ಪೈಪಿನ ಆಯ್ಕೆ. ಮನೆಯಲ್ಲಿ ಉಳಿದಿದ್ದ ಜಿಐ ಪೈಪು ಇದೆಯಲ್ಲ ಅಂತ ಅದನ್ನೇ ಕೊಟ್ಟಿದ್ದೆ. ಜಿಐ ಅಂದ್ರೆ ಮೇಲೆ ಸತುವಿನ ಲೇಪ. ವೆಲ್ಡಿಂಗ್ ಬೆಂಕಿ ತಗುಲಿದ್ರೆ ಆ ಸತು ಬಿಳೀ ಹೊಗೆಯಾಗಿ ಏಳುತ್ತೆ. ಶೆಡ್ಡಿನ ಹುಡುಗ ಮುಚ್ಚಿದ ಜಾಗದಲ್ಲಿ ಸಂಜೆವರೆಗೆ ಬೆಸುಗೆ ಹಾಕಿದ, ರಾತ್ರಿ ಮಲೇರಿಯಾ ಬಂದವನ ಹಾಗೆ ನಡುಗಿದ. ಬೆಳಿಗ್ಗೆ ಇಳೀತು. ವೆಲ್ಡರ್‌ಗಳಿಗೆ ಈ ಜ್ವರ ಗೊತ್ತಿರುತ್ತೆ, ಹಾಲು ಕುಡಿದ್ರೆ ಸರಿಹೋಗುತ್ತೆ ಅಂತಾರೆ. ಹಾಲಿನಿಂದ ಏನೂ ಆಗಲ್ಲ, ಹೊಗೆ ಕುಡೀದಿರೋದೇ ಮದ್ದು. ಬೆಸುಗೆ ಹಾಕೋ ಜಾಗದಲ್ಲಿ ಎರಡಿಂಚು ಗ್ರೈಂಡರ್‌ನಿಂದ ಸತು ಪೂರ್ತಿ ತೆಗೀಬೇಕು, ಗಾಳಿ ಆಡೋ ಕಡೆ ಕೂರಬೇಕು. ಅದಕ್ಕಿಂತ ಒಳ್ಳೇದು, ಕಪ್ಪು ಪೈಪು ತಂದು ಆಮೇಲೆ ಬಣ್ಣ ಹೊಡೆಯೋದು. ಬಲಗಡೆ ಬಾಗಿಲು ಹಾಗೇ ಮಾಡಿದ್ವಿ. ಜಿಐ ಪೈಪನ್ನ ಕಾಯಿಸಿ ಬಗ್ಗಿಸಿದ್ರೂ ಅದೇ ಹೊಗೆ, ಮರೀಬೇಡಿ.

ಪೈಪಿಗೆ ಪೈಪು ಕೂಡೋ ಕಡೆ ತುದಿ ನೇರ ಕತ್ತರಿಸಿ ಅಂಟಿಸಬಾರದು. ಅರ್ಧ ಚಂದ್ರದ ಹಾಗೆ ತುದಿ ಕೊರೆದು, ಇನ್ನೊಂದು ಪೈಪಿನ ಹೊಟ್ಟೆಗೆ ತಬ್ಬಿಕೊಳ್ಳೋ ಹಾಗೆ ಅರದಿಂದ ಉಜ್ಜಬೇಕು. ಸಂದು ಇದ್ರೆ ರಾಡು ಸುರಿದು ಮುಚ್ಚಬಹುದು, ಆದ್ರೆ ಅದು ಕಣ್ಣಿಗೆ ಮಾತ್ರ ಗಟ್ಟಿ. ಎರಡೂವರೆ ಎಂಎಂ ರಾಡು, ಕರೆಂಟ್ ಕಡಿಮೆ, ಇಲ್ಲಾಂದ್ರೆ ತೆಳು ಪೈಪು ತೂತಾಗುತ್ತೆ.

ಬಹಳ ಮುಖ್ಯವಾದ್ದು ಇದು. ಬಾಗಿಲನ್ನ ಜೀಪಿನ ಮೇಲೆ ಇಟ್ಟು ಬೆಸುಗೆ ಹಾಕಬೇಡಿ. ಈ ಹಳೇ ಜೀಪುಗಳ ಎಣ್ಣೆ ಟ್ಯಾಂಕು ಎಲ್ಲಿದೆ? ಡ್ರೈವರ್ ಸೀಟಿನ ಕೆಳಗೆ. ಯುದ್ಧದ ಕಾಲದಿಂದ ಅಲ್ಲೇ. ಬಾಗಿಲಿನಿಂದ ಒಂದು ಗೇಣು. ಅಳತೆಗೆ ಮಾತ್ರ ಜೀಪಿನ ಮೇಲೆ ಇಡಿ, ಗುರುತು ಮಾಡಿ, ಕೆಳಗೆ ಇಳಿಸಿ ನೆಲದ ಮೇಲೆ ಬೆಸುಗೆ. ಹಿಂಜಿನ ಪಟ್ಟಿಯನ್ನ ಬಾಡಿಗೆ ಬೋಲ್ಟ್ ಹಾಕಿ, ಬೆಸುಗೆ ಬೇಡ. ಬೋಲ್ಟಿನ ಹಿಂದೆ ಒಳಗಡೆ ಮೂರಿಂಚಿನ ತಗಡು ಕೊಟ್ರೆ ಬಾಡಿ ಹರಿಯಲ್ಲ.

ಹಿಂಜು ಮುಂದಿನ ಕಡೆ ಇರಲಿ, ಚಿಲಕ ಹಿಂದಿನ ಕಡೆ. ಆಗ ಓಡುವಾಗ ಅಕಸ್ಮಾತ್ ಚಿಲಕ ಬಿಚ್ಚಿದ್ರೂ ಗಾಳಿ ಬಾಗಿಲನ್ನ ಒಳಗೇ ತಳ್ಳುತ್ತೆ. ಹಿಂದೆ ಹಿಂಜು ಇಟ್ರೆ ಗಾಳಿಗೆ ಪೂರ್ತಿ ತೆರೆದು ಎದುರಿಂದ ಬಂದವನಿಗೆ ಹೊಡೆಯುತ್ತೆ. ಪಿನ್ ಮೇಲಿಂದ ಇಳಿಬಿಟ್ಟು ಕೆಳಗೆ ಸ್ಪ್ಲಿಟ್ ಪಿನ್ ಹಾಕಿದ್ರೆ ಬೇಕಾದಾಗ ಬಾಗಿಲು ತೆಗೆದಿಡಬಹುದು.

ಚಿಲಕಕ್ಕೆ ನಾನು ಮೊದಲು ಹಾಕಿದ್ದು ಗೇಟಿನ ಅಡ್ಡ ಚಿಲಕ. ಎರಡು ಸಲ ದಾರಿಯಲ್ಲಿ ಅಲುಗಾಡಿ ತಾನೇ ಬಿಚ್ಚಿತು. ಆಮೇಲೆ ಟ್ರ್ಯಾಕ್ಟರಿನ ಲಿಂಚ್ ಪಿನ್ ಹಾಕಿ ಭದ್ರ ಮಾಡಿದೆ. ಭದ್ರ ಆಯ್ತು, ಜಾಸ್ತಿಯೇ ಆಯ್ತು. 2011ರ ಮಳೆಗಾಲದಲ್ಲಿ ಜೀಪು ಎಡಕ್ಕೆ ಚರಂಡಿಗೆ ವಾಲಿದಾಗ ಬಾಡಿ ತಿರುಚಿ ಆ ಪಿನ್ ಕಚ್ಚಿಕೊಂಡಿತು. ಪಕ್ಕದಲ್ಲಿ ನನ್ನ ಹೆಂಡತಿ. ತೆಗೆಯೋಕೆ ಆಗಲೇ ಇಲ್ಲ. ನನ್ನ ಕಡೆಯಿಂದ ಎಳೆದು ಇಳಿಸಿದೆ. ಅದೇ ಹಳ್ಳದ ನೀರಾಗಿದ್ರೆ? ಮಾರನೇ ದಿನವೇ ಸ್ಪ್ರಿಂಗ್ ಚಿಲಕ ಹಾಕಿಸಿದೆ, ಒಳಗಿಂದ ಹೆಬ್ಬೆರಳಲ್ಲಿ ಎತ್ತಿದ್ರೆ ಬಿಚ್ಚೋದು, ಸುತ್ತ ಎರಡು ನೂಲು ಆಟ ಬಿಟ್ಟು. ಅದರ ಮೇಲೆ ಒಂದು ನೈಲಾನ್ ಪಟ್ಟಿ, ಕೊಕ್ಕೆಗೆ. ಅಂದ್ರೆ 1941ರ ಸೈನ್ಯದ ಪಟ್ಟಿಗೇ ವಾಪಸ್ ಬಂದೆ ಅನ್ನಿ.

ಪೈಪಿನ ಬಾಗಿಲು ಏನು ಮಾಡಲ್ಲ ಅನ್ನೋದನ್ನೂ ಹೇಳಬೇಕು. ಮಳೆ ತಡೆಯಲ್ಲ. ಪಕ್ಕದಿಂದ ಲಾರಿ ಗುದ್ದಿದ್ರೆ ಉಳಿಸಲ್ಲ. ಮನುಷ್ಯ ಜಾರಿ ಹೊರಗೆ ಬೀಳೋದನ್ನ ತಡೆಯುತ್ತೆ, ಅಷ್ಟೇ ಅದರ ಕೆಲಸ. ಬೆಲ್ಟಿನ ಬದಲಿ ಅಲ್ಲ. ನಾನು ಮುಂದಿನ ಎರಡು ಸೀಟಿಗೂ ಬೆಲ್ಟ್ ಹಾಕಿಸಿದೆ, ಮುಂದೆ ಪಕ್ಕದಲ್ಲಿ ಈಗ ಒಬ್ಬರೇ ಕೂರೋದು.

ಹಾಗಾಗಿ ಆ ಹುಡುಗನಿಗೆ ನಾನು ಬೇಡ ಅಂದೆ. "ನೀನು ಥಾರ್ ಬಾಗಿಲು ಕಿತ್ತು ಪೈಪು ಹಾಕಬೇಡ ಮಾರಾಯ." ಆ ಗಾಡಿಗೆ 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಗುದ್ದು ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್ ಬಂದಿದ್ದು ಬಾಗಿಲು ಸಮೇತ. 80 ವರ್ಷ ಆದ ಮೇಲೆ ಕೊಟ್ಟ ಬಾಗಿಲನ್ನ ಚಂದಕ್ಕೆ ಕಿತ್ತು ಹಾಕಿದ್ರೆ ಏನು ಹೇಳೋದು. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ನನ್ನದು ಕತ್ತರಿಸದೆ ಬೋಲ್ಟಿನಲ್ಲಿ ನಿಲ್ಲಿಸಿದ್ದು, ಬಿಚ್ಚಿದ್ರೆ ಗಾಡಿ ಮೊದಲಿನ ಹಾಗೆ. ಆದ್ರೂ ನೀವು ಮಾಡಿಸೋ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿ. ಮಂಡಲಪಟ್ಟಿ ಕಡೆ ಪ್ರವಾಸಿಗರನ್ನ ಕೂರಿಸಿ ಓಡಿಸೋ ಹುಡುಗರಿಗೂ ಇದೇ ಮಾತು. ಬಾಗಿಲು ಆಮೇಲೆ, ಮೊದಲು ಎಣಿಸಿ ಜನ ಹತ್ತಿಸಿ.

ಅಕ್ಕ ಈಗಲೂ ಮೆಣಸು ಆಯೋಕೆ ಬರ್ತಾರೆ. ವಯಸ್ಸಾಯ್ತು. ಬಾಗಿಲು ಹಾಕಿಸಿದ ಮೇಲೆ ಮೊದಲನೇ ಸಲ ಜೀಪು ಹತ್ತೋಕೆ ಕರೆದಾಗ ಒಂದು ನಿಮಿಷ ನಿಂತು ನೋಡಿದ್ರು. "ಇದನ್ನ ಆವತ್ತೇ ಹಾಕಿಸಬಾರದಿತ್ತಾ ಗೌಡ್ರೆ" ಅಂದ್ರು. ಉತ್ತರ ಕೊಡೋಕೆ ಆಗಲಿಲ್ಲ. ಹತ್ತಿ ಕೂತು, ಬಲಗೈಯಲ್ಲಿ ಚಿಲಕ ಎರಡು ಸಲ ಎಳೆದು ನೋಡಿದ್ರು. ಇವತ್ತಿಗೂ ಹತ್ತಿದಾಗೆಲ್ಲ ಎರಡು ಸಲ ಎಳೀತಾರೆ.

ಎಡಗಡೆ ಕೆಳಗಿನ ಹಿಂಜು ಸವೆದಿದೆ, ಬಾಗಿಲು ಕಾಲಿಂಚು ಇಳಿದು ಚಿಲಕಕ್ಕೆ ತಾಗುತ್ತಿದೆ. ಮಳೆ ಬಿಟ್ಟ ದಿನ ಶೆಡ್ಡಿಗೆ ಒಯ್ಯಬೇಕು. ರಟ್ಟಿನ ಅಳತೆ ಎರಡೂ ಅಟ್ಟದ ಮೇಲೆ ಇಟ್ಟಿದ್ದೀನಿ. ಹೈ ಬಾನೆಟ್ ಇಟ್ಟುಕೊಂಡವರು ಬೇಕಾದ್ರೆ ಬಂದು ತಗೊಂಡು ಹೋಗಿ, ನಿಮ್ಮ ಗಾಡಿಗೆ ಹಿಡಿದು ತಿದ್ದಿಕೊಳ್ಳಿ. ವಾಪಸ್ ಮಾತ್ರ ತಂದು ಕೊಡಿ.